ಒಂದೇ ಮುಳುಗು

...ಅಲ್ಲೇ ನಿಲ್ಲು! ಚಪ್ಪಲಿ ಹಾಕ್ಕೊಂಡು ಆಮೆ ತೊಟ್ಟಿ ಹತ್ರ ಬರಬೇಡ ಅಂತ ಎಷ್ಟು ಸಲ ಹೇಳೋದು ನಿಂಗೆ? ಅಕ್ಕನ ಶೆಡ್ ಅಂದ್ರೆ ನಿನ್ನ ದೋಣಿ ಅಂದ್ಕೊಂಡಿದ್ದೀಯಾ? ಟಾರ್ಪಾಲ್ ಕೆಳಗಿಡು. ಬಿಚ್ಚಬೇಡ. ಬಿಚ್ಚಬೇಡ ಅಂದೆ! ಒಳಗೇನಿದೆ ಅಂತ ನಂಗೊತ್ತು. ನೀನು ಬರೋಕ್ಕೆ ಮುಂಚೆನೇ ಬಂದರಿನಿಂದ ಫೋನ್ ಬಂತು. ನಿಮ್ಮ ತಮ್ಮ ಸತ್ತ ಆಮೆ ಹೊತ್ಕೊಂಡು ಬರ್ತಿದಾನೆ, ಬೆನ್ನ ಮೇಲೆ ನಿಮ್ಮ ಹಳದಿ ನಂಬರ್ ಇದೆ ಅಂತ.

ಹನ್ನೊಂದು. ಅಲ್ವಾ? ತಲೆ ಆಡ್ಸೋಕೂ ಆಗಲ್ವಾ?

ನಮ್ಮ ಅಜ್ಜಿ ಕಣೋ ಅದು! ಕತ್ತಿನ ಸುಕ್ಕು ನೋಡಿ ನಾನೇ ಇಟ್ಟ ಹೆಸರು. ನಾಲ್ಕು ತಿಂಗಳು ಸಾಕಿದ್ದೀನಿ. ಮೈಯೊಳಗೆ ಗಾಳಿ ತುಂಬ್ಕೊಂಡು, ಹಿಂಭಾಗ ಮೇಲೆ ಮಾಡ್ಕೊಂಡು, ಬೆಂಡಿನ ಥರ ತೇಲ್ತಾ ಇತ್ತು. ಮುಳುಗೋಕಾಗದ ಆಮೆಗೆ ಕಡಲಲ್ಲಿ ಊಟ ಎಲ್ಲಿಂದ ಬರಬೇಕು? ಅದಕ್ಕೇ ಚಿಪ್ಪಿನ ಮೇಲೆ ತೂಕ ಅಂಟಿಸಿದ್ವಿ. ನೀನೇ ಕೊಟ್ಟಿದ್ದಲ್ವಾ, ನಿನ್ನ ಬಲೆಗೆ ಕಟ್ಟೋ ಸೀಸದ ತುಂಡು, ನಾಲ್ಕು? ವಾರಕ್ಕೊಂದು ತೆಗೀತಾ ಹೋಗೋದು, ಅದು ತಾನಾಗೇ ಮುಳುಗೋದು ಕಲೀಲಿ ಅಂತ. ನಾಲ್ಕೂ ತೆಗೆದಿದ್ವಿ. ನಾಲ್ಕೂ!

ಭಾನುವಾರ ಬಿಟ್ವಲ್ಲ, ಆವತ್ತು ನೀನು ಬರಲಿಲ್ಲ. ಬಂದಿದ್ರೆ ನೋಡ್ತಿದ್ದೆ. ದಡದ ತುಂಬ ಜನ. ಶಾಲೆ ಮಕ್ಕಳು, ಟಿವಿಯವರು, ಹೊಸ ಶೆಡ್ಡಿಗೆ ಜಾಗ ಕೊಡ್ತೀವಿ ಅಂದಿರೋ ದೊಡ್ಡವರು. ನೀರಿಗೆ ಬಿಟ್ಟಿದ್ದೇ ತಡ... ಒಂದೇ ಮುಳುಗು! ಎಲ್ರೂ ಚಪ್ಪಾಳೆ. ನಮ್ಮ ಡಾಕ್ಟರಮ್ಮ ಒಬ್ಬರೇ, "ಶುಕ್ರವಾರ ಇನ್ನೂ ತೇಲ್ತಿತ್ತಲ್ರೀ" ಅಂತ ರಾಗ ಎಳೆದ್ರು. ಇನ್ನೊಂದು ತಿಂಗಳು ಇಟ್ಕೊಳ್ಳೋಣ ಅಂತಿದ್ರು ಅವರು. ಅವರಿಗೆ ಯಾವಾಗ್ಲೂ ಅನುಮಾನ.

ಏನು ಹಾಗೆ ನೋಡ್ತೀಯ?

ನಾಚಿಕೆ ಆಗಬೇಕು ನಿಂಗೆ! ಬಲೆಯಲ್ಲಿ ಆಮೆ ಹೊರಗೆ ಹೋಗೋಕೆ ಬಾಗಿಲು ಇರಬೇಕು, ಇರಬೇಕು ಅಂತ ನಾವು ಇಡೀ ಬಂದರು ಸುತ್ತಿ ಗಂಟಲು ಹರ್ಕೊಂಡ್ವಿ. ನೀನೇನು ಮಾಡ್ದೆ? ಹೊಲ್ದು ಹಾಕಿರ್ತೀಯ, ಮೀನು ತಪ್ಪಿಸ್ಕೊಳ್ಳುತ್ತೆ ಅಂತ. ಹೊಲ್ದಿಲ್ವಾ? ಹಾಗಾದ್ರೆ ಹೇಳು! ಬಾಯಲ್ಲಿ ನೀರು ತುಂಬ್ಕೊಂಡಿದ್ದೀಯಾ?

ಚಿಕ್ಕಂದಿನಿಂದ ಇದೇ ಬುದ್ಧಿ. ಅಪ್ಪನ ಟಾರ್ಚ್ ಒಡೆದಾಗಲೂ ಹೀಗೇ ಗೋಡೆಗೆ ಒರಗಿ ನಿಂತಿದ್ದೆ ನೀನು. ಬೆಲ್ಟಲ್ಲಿ ಬಾರಿಸಿದ್ರೂ ತುಟಿ ಪಿಟಕ್ಕನ್ನಲಿಲ್ಲ. ಯಾಕೆ ನಗ್ತೀಯ? ಒಡೆದಿದ್ದು ನಾನು ಅನ್ನೋ ಮಾತು ಈಗ ತೆಗೀಬೇಡ. ಅದು ಬೇರೆ, ಇದು ಬೇರೆ.

ನೋಡು, ದೂರು ಬರೆದಿಟ್ಟಿದ್ದೀನಿ. ಮೀನುಗಾರಿಕೆ ಇಲಾಖೆ ಸಾಹೇಬರು ದಾರೀಲಿದಾರೆ. "ಬಲೆಯ ಬಾಗಿಲು ಮುಚ್ಚಿತ್ತು, ಆಮೆ ಒಳಗೇ ಉಸಿರುಗಟ್ಟಿ ಸತ್ತಿತು." ಕೆಳಗೆ ಸಹಿ ಹಾಕಿ ಒಪ್ಕೋ. ದೋಣಿಯ ಪರವಾನಗಿ ಹೋಗುತ್ತೆ. ಹೋಗ್ಲಿ! ನಿನ್ನ ಹೆಂಡತಿ ಬಂದು ಕಾಲು ಹಿಡಿದ್ರೂ ನಾನು ಬಿಡೋಳಲ್ಲ. ಒಡಹುಟ್ಟಿದವನು ಅಂತ ನಿನ್ನ ಬಿಟ್ರೆ ನಾಳೆ ಬಂದರಿನವರು ನನ್ನ ಮುಖಕ್ಕೆ ಉಗೀತಾರೆ.

ಟಾರ್ಪಾಲ್ ಮುಟ್ಟಬೇಡ ಅಂದ್ನಲ್ಲ! ನಂಗೆ ನೋಡೋಕಾಗಲ್ಲ. ಹಿಂದುಗಡೆ ಗುಂಡಿ ತೋಡಿಸಿದ್ದೀನಿ, ಸಾಹೇಬರು ಬರೋದ್ರೊಳಗೆ ಮುಚ್ಚಿಬಿಡೋಣ. ಡಾಕ್ಟರಮ್ಮ ಬಂದು ಕೊಯ್ದು ನೋಡೋದೆಲ್ಲ ಬೇಡ... ಆತುರನಾ? ನಂಗ್ಯಾಕೆ ಆತುರ!

ಜೇಬಲ್ಲಿ ಏನು ತಡಕ್ತೀಯ? ಪೆನ್ನಾ? ತಗೋ, ನನ್ನದೇ ಇದೆ, ಇಲ್ಲಿ, ಈ ಗೆರೆ ಮೇಲೆ...

ಏನಿದು?

ಸೀಸ. ನಿನ್ನ ಬಲೇದೇ, ಮತ್ತಿನ್ನೇನು! ಕಳಚ್ಕೊಂಡು ಬಿದ್ದಿರುತ್ತೆ. ಬಲೆ ತುಂಬ ಸೀಸಾನೇ ತಾನೇ, ನಂಗ್ಯಾಕೆ ತೋರಿಸ್ತೀಯ... ತಿರುಗಿಸ್ಬೇಡ. ತಿರುಗಿಸ್ಬೇಡ ಕಣೋ.

...ಹೂಂ. ಬಣ್ಣ. ಚಿಪ್ಪಿನ ಬಣ್ಣಕ್ಕೆ ಸರಿಯಾಗಿ ನಾನೇ ಕಲಸಿ ಬಳಿದಿದ್ದು. ಕಾಣಬಾರದು ಅಂತ.

ಶನಿವಾರ ಎರಡನ್ನ ಮತ್ತೆ ಅಂಟಿಸ್ದೆ. ಅಷ್ಟು ಜನ ಕರೆದಾಗಿತ್ತು ಕಣೋ! ಅವರ ಮುಂದೆ ಅದು ಹಿಂಭಾಗ ಎತ್ಕೊಂಡು ತೇಲಿದ್ರೆ? ಅಂಟು ಕಮ್ಮಿ ಹಾಕಿದ್ದೆ. ಅಲೆ ಹೊಡೆತಕ್ಕೆ ಎರಡು ದಿನದಲ್ಲಿ ತಾನೇ ಉದುರುತ್ತೆ ಅಂದ್ಕೊಂಡೆ... ಉದುರಲಿಲ್ಲ. ಉಸಿರಿಗೆ ಮೇಲೆ ಬರೋಕೆ ಎಷ್ಟು ಒದ್ದಾಡಿತೋ ಏನೋ.

ಬಲೆಯಲ್ಲಿ ಸಿಕ್ಕಿದ್ದಲ್ಲ, ಅಲ್ವಾ? ಎಲ್ಲಿ ಸಿಕ್ತು ಅಂತ ಕೈ ತೋರಿಸು, ಸಾಕು... ದಡದ ಕಡೆ. ದಡಕ್ಕೆ ಬಂದು ಬಿದ್ದಿತ್ತು. ನಿನ್ನ ಬಲೆ ನೀರಿಗೇ ಇಳಿದಿರಲಿಲ್ಲ. ಬಂದರಿನವರು ನೋಡೋ ಮುಂಚೆ ಎರಡನ್ನೂ ನೀನೇ ಕಿತ್ತು ಜೇಬಿಗೆ ಹಾಕ್ಕೊಂಡೆ. ಮತ್ತೆ ಬಂದ ತಕ್ಷಣ ಬಾಯಿ ಬಿಟ್ಟು ಹೇಳೋಕೆ ನಿಂಗೇನಾಗಿತ್ತು! ನನ್ನ ಬಾಯಲ್ಲಿ ಇಷ್ಟೆಲ್ಲ ಆಡಿಸಿಬಿಟ್ಟೆಯಲ್ಲೋ, ಪಾಪಿ!

ಜೀಪು. ಗೇಟ್ ಹತ್ರ ಬಂತು.

ಏನ್ಮಾಡ್ತಿದೀಯ? ಆ ಕಾಗದ ಯಾಕೆ ಎಳ್ಕೊಂಡೆ? ಸಹಿ ಹಾಕಬೇಡ... ಹಾಕಬೇಡ ಅಂತಿದೀನಿ! ಇದು ಅಪ್ಪನ ಟಾರ್ಚ್ ಅಲ್ಲ ಕಣೋ. ಕೊಡಿಲ್ಲಿ ಪೆನ್ನು.