ತುಕ್ಕಿಗೆ ಹೊಲಿಗೆ ಮೆಷಿನ್ನಿನ ಎಣ್ಣೆ

ಗ್ಯಾರೇಜಿನ ಬೆಂಚಿನ ಮೇಲೆ ಕೂತಿದ್ದೆ. ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡಿದ್ದ ದರ್ಜಿಯ ಕಾರಿನ ಚಕ್ರವನ್ನು ಮೆಕ್ಯಾನಿಕ್ ಬಿಚ್ಚಿದ.

"ಬ್ರೇಕ್ ಡಿಸ್ಕಿಗೆ ಏನ್ ಹಚ್ಚಿದೀರಿ?"

"ಕಾರು ತೊಳೆದ ಮಾರನೇ ದಿನ ತುಕ್ಕು ಕಾಣಿಸ್ತು. ಹೊಲಿಗೆ ಮೆಷಿನ್ನಿನ ಎಣ್ಣೆ ಬಿಟ್ಟೆ."

"ಅಷ್ಟು ತುಕ್ಕು ನಾಲ್ಕು ಸಲ ಬ್ರೇಕ್ ಒತ್ತಿದ್ರೆ ತಾನೇ ಹೋಗುತ್ತೆ. ಎಣ್ಣೆ ಬಿಟ್ರೆ ಬ್ರೇಕೇ ಹಿಡಿಯಲ್ಲ."

"ಗೊತ್ತಾಯ್ತು. ಕಾರು ನಮ್ಮತ್ತೆಯ ಹೂಕುಂಡದ ಹತ್ರ ಹೋಗಿ ನಿಂತಿತು."

"ಹತ್ರಾನಾ?"

"ಮೇಲೆ."

"ಅತ್ತೆ ಬೈದ್ರಾ?"

"ಇಲ್ಲ. ತಾವು ಸ್ಟೀರಿಂಗ್ ಹಿಡಿದು ಕೂತು, ಇಲ್ಲಿವರೆಗೂ ನನ್ನ ಕೈಲಿ ತಳ್ಳಿಸಿದ್ರು."

ಡಿಸ್ಕ್ ಒರೆಸಿ, ಪ್ಯಾಡ್ ಬದಲಾಯಿಸಿದ್ದಾಯಿತು. ದರ್ಜಿ ಮುಂದಿನ ಬಾಗಿಲಿಗೆ ಕೈಹಾಕಿದ. ಒಳಗೆ ಸ್ಟೀರಿಂಗ್ ಹಿಡಿದೇ ಕೂತಿದ್ದ ಅತ್ತೆ ಕದಲಲಿಲ್ಲ.

"ದಣಿದಿದೀರಿ ಅಳಿಯಂದ್ರೆ, ಹಿಂದೆ ಕೂತ್ಕೊಳ್ಳಿ."

ಕಾರು ಗೇಟು ದಾಟುವುದರೊಳಗೆ ಅತ್ತೆ ನಾಲ್ಕು ಸಲ ಬ್ರೇಕ್ ಒತ್ತಿದರು. ನಾಲ್ಕು ಸಲವೂ ಹಿಂದಿನ ಸೀಟಿನಲ್ಲೊಂದು ತಲೆ ಮುಂದಕ್ಕೆ ಬಾಗಿತು.