ನೀರಿಲ್ಲದ ದೋಣಿಗೆ ಅತಿಥಿಗಳು

ದಕ್ಷಿಣ ಇರಾಕಿನ ಜೌಗು ನಾಡಿನ ಊರು ಚಿಬಾಯಿಷ್‌ನಲ್ಲಿ ವ್ಯಾನಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಪ್ರವಾಸಿಗರನ್ನು ದೋಣಿಯಲ್ಲಿ ಸುತ್ತಿಸುವ ಚಾಸಿಬನೂ, ಬಸ್ರಾಕ್ಕೆ ಹೊರಟಿದ್ದ ಅವನ ಅಕ್ಕ ನಶ್ಮಿಯಾಳೂ ಕೂತಿದ್ದರು.

“ಶುಕ್ರವಾರ ಬಾಗ್ದಾದಿನವರು ಬರ್ತಾರಲ್ಲೋ, ಜೊಂಡಿನ ನಡುವೆ ದೋಣೀಲಿ ಸುತ್ತೋಕೆ?”

“ಬರ್ತಾರಕ್ಕ. ನೀರೇ ಇಲ್ಲ.”

“ಬರಬೇಡಿ ಅನ್ನು.”

“ಅತಿಥಿಗೆ ಬರಬೇಡಿ ಅಂದೋನು ನಮ್ಮನೇಲಿ ಯಾರಾದ್ರೂ ಹುಟ್ಟಿದ್ದಾನಾ?”

“ಮತ್ತೆ ದೋಣೀನ ತಲೆ ಮೇಲೆ ಹೊರ್ತೀಯಾ?”

“ಒಣಗಿದ ಕೆಸರಲ್ಲೇ ದೋಣಿ ಇಟ್ಟು ಅವರನ್ನ ಕೂರಿಸ್ತೀನಿ. ಫೋಟೋ ತೆಗೀತಾರೆ. ಪೇಟೆಯಿಂದ ಮೀನು ತಂದು ಸುಡ್ತೀನಿ.”

“ಆಮೇಲೆ?”

“ಶನಿವಾರ ನಮ್ಮ ಎಮ್ಮೆಗಳನ್ನ ಕೊಳ್ಳೋರು ಬರ್ತಾರೆ.”

“ಎಲ್ಲಾನೂ ಮಾರ್ತೀಯಾ?”

“ಎಲ್ಲಾನೂ. ದೋಣಿ ಸೌದೆಗೆ. ಬಸ್ರಾಕ್ಕೆ, ನಿನ್ನ ಹತ್ರಾನೇ ಬಂದ್ಬಿಡ್ತೀನಿ.”

ವ್ಯಾನ್ ಬಂತು. ನಾನೂ ಹತ್ತಿದೆ. ಹತ್ತಿದ ನಶ್ಮಿಯಾ ಕಿಟಕಿಯಿಂದ ಕೇಳಿದಳು.

“ಮುಂದಿನ ವರ್ಷವೂ ಬರ್ತೀವಿ ಅಂದ್ರೆ ಅವರಿಗೇನು ಹೇಳ್ತೀಯ?”

“ಇನ್ನೇನು ಹೇಳ್ಲಿ ಅಕ್ಕ? ಮನೆ ನಿಮ್ಮದೇ, ಯಾವಾಗ ಬೇಕಾದ್ರೂ ಬನ್ನಿ ಅಂತೀನಿ.”

ವ್ಯಾನ್ ಹೊರಟಿತು. ಅವನು ಪೇಟೆ ಕಡೆ ನಡೆದ.