ತುಂಬಿದ ಬಾಟಲಿ

ಶಿಗ್ಗಾಂವ ಬಸ್ ಸ್ಟ್ಯಾಂಡಿನಲ್ಲಿ ಶಂಕ್ರವ್ವ ಹಾನಗಲ್ ಬಸ್ಸಿಗೆ ಕಾಯುತ್ತ ಕೂತಿದ್ದಳು. ಹಿಂದಿನ ಬೆಂಚಿಗೆ ಇಬ್ಬರು ಬಂದು ಕೂತರು. ಮಾತಿನ ಮೇಲಿಂದಲೇ ತಿಳಿಯಿತು, ಒಬ್ಬರು ತಡಸದ ಕಡೆಯ ಯಾವುದೋ ಶಾಲೆಯ ಹೆಡ್ ಮಾಸ್ತರರು, ಇನ್ನೊಬ್ಬರು ಅಲ್ಲೇ ಕಲಿಸುವ ಅಕ್ಕೋರು.

“ಸರ, ಸಾಲಿ ಖರ್ಚಿನ ಅನುದಾನ ಬಂತೇನ್ರಿ?”

“ಬಂದಷ್ಟು ಕರೆಂಟ್ ಬಿಲ್ಲಿಗೇ ಹೋತ್ರಿ ಅಕ್ಕೋರ. ಚಾಕ್‌ಪೀಸ್ ಸೈತ ನಾನ ತರಾಕತ್ತೇನಿ.”

“ಹಂಗಾರ ಹುಡುಗ್ಯಾರ ಪಾಯಖಾನಿ?”

“ಕೀಲಿ ಹಾಕೇ ಇರ್ಲಿ. ತೊಳ್ಯಾವ್ರಿಗೆ ಕೊಡಾಕ ರೊಕ್ಕ ಎಲ್ಲೈತ್ರಿ?”

“ತಪಾಸಣಿಗೆ ಸಾಹೇಬ್ರು ಬಂದಾಗ ತಗದಿದ್ರಲ್ರಿ!”

“ಯಾರೂ ಹೋಗದಿದ್ರ ಸ್ವಚ್ಛನ ಇರ್ತೈತಿ. ನೋಡಿ ಶಾಬಾಸ್ ಅಂದು ಹೋದ್ರು.”

“ಹುಡುಗ್ಯಾರು ಮುಂಜಾನಿಂದ ನೀರ ಕುಡಿಯೂದಿಲ್ರಿ ಸರ. ಬರೇ ತುಟಿ ಹಸಿ ಮಾಡ್ಕೋ ಅಂತ ದೊಡ್ಡಾವ್ರು ಸಣ್ಣಾವ್ರಿಗೆ ಹೇಳಿಕೊಡ್ತಾರ.”



“ನಾ ಏನ್ ಮಾಡ್ಲಿ ಹೇಳ್ರಿ. ನಮ್ಮದೊಂದ ಸಾಲಿ ಅಲ್ಲ, ಎಲ್ಲಾ ಕಡೆ ಹಿಂಗ ಐತಿ. ಏಳ್ರಿ, ಬಸ್ ಬಂತು.”

ಇಬ್ಬರೂ ತಡಸದ ಬಸ್ಸು ಹತ್ತಿ ಹೋದರು.

ಶಂಕ್ರವ್ವನ ಮಗಳು ಹಾನಗಲ್ ಕಡೆಯ ಶಾಲೆಗೆ ಹೋಗುವವಳು. ಬೆಳಿಗ್ಗೆ ತುಂಬಿ ಕೊಟ್ಟ ನೀರಿನ ಬಾಟಲಿಯನ್ನು ದಿನಾ ಸಂಜೆ ತುಂಬಿದ ಹಾಗೆಯೇ ಹೊತ್ತು ತರುತ್ತಿದ್ದಳು. ಶಾಲೆಯಲ್ಲೇ ಒಳ್ಳೆಯ ನೀರು ಸಿಗುತ್ತಿರಬೇಕು ಎಂದುಕೊಂಡು ಶಂಕ್ರವ್ವ ನಿನ್ನೆಯಷ್ಟೇ ಓಣಿಯವರ ಮುಂದೆ ಆ ಶಾಲೆಯನ್ನು ಹೊಗಳಿದ್ದಳು.